ಅದೇ ವಚನದಲ್ಲಿ ನಿಂತ ಸತ್ಯವ್ವ

ಸತ್ಯವ್ವ ಗುಳೇದಗುಡ್ಡದ ಕ್ರೈಸ್ತ ನೇಕಾರರ ಮನೆಯ ಮಗಳು. ಮದುವೆಯಾಗಿ ರಬಕವಿಗೆ ಬರುವಾಗ ಅಪ್ಪ ಆಕೆಯ ಕೈಗೆ ಒಂದು ಸತ್ಯವೇದ ಕೊಟ್ಟು ಕಳಿಸಿದ್ದ. ಅಕ್ಷರ ಕಲಿಸಿದವನೂ ಅವನೇ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಲಾಳಿ ಎಸೆಯುತ್ತಲೇ ಮಗಳಿಂದ ಒಂದೊಂದು ಸಾಲು ಓದಿಸುತ್ತಿದ್ದ. ಓದಿಗೊಂದು ಕಟ್ಟಳೆಯನ್ನೂ ಹಾಕಿದ್ದ.

“ಓದಕೋತ ಹೋಗವ್ವ. ಎಲ್ಲಿ ನೀ ಮಾಡದ ಮಾತ ಬರತೈತಿ, ಅಲ್ಲಿ ನಿಂದರು. ಅದನ್ನ ಮಾಡು. ಆಮ್ಯಾಲ ಮುಂದಿಂದ ಓದು.”

ಹೀಗಾಗಿ ಸತ್ಯವ್ವನ ಓದು ಎತ್ತಿನ ಗಾಡಿಗಿಂತ ನಿಧಾನ. ರೋಗಿಗಳನ್ನು ನೋಡಲು ಹೋಗಬೇಕೆನ್ನುವ ಮಾತು ಬಂದಾಗ ಅಲ್ಲೇ ನಿಂತಳು. ಅತ್ತೆಯ ಮನೆಯವರು ಮಾತು ಬಿಟ್ಟಿದ್ದ ಬೋರವ್ವ ಎಂಬ ಮುದುಕಿ ಕಾಲು ಹುಣ್ಣಾಗಿ ಮಲಗಿದ್ದಳು. ಅತ್ತೆಯ ಸಿಟ್ಟನ್ನು ತಲೆಯ ಮೇಲೆ ಹೊತ್ತುಕೊಂಡು, ಹೋಗಿ ಆ ಹುಣ್ಣು ತೊಳೆದು ಬಂದಳು. ಆ ಮೇಲೆಯೇ ಹಾಳೆ ತಿರುವಿದ್ದು. ಗಂಡ ದಾನಿಯೇಲಪ್ಪ ನಗುತ್ತಿದ್ದ. “ನೀ ಈ ಪುಸ್ತಕ ಮುಗಸೂದರಾಗ ಯೇಸುಸ್ವಾಮಿ ತಿರಗಿ ಬಂದಿರತಾನ ನೋಡು.”

ಅತ್ತೆ ತೀರಿಹೋದ ಮೇಲೆ ಮನೆಯಲ್ಲಿ ಗಂಡಹೆಂಡತಿ ಇಬ್ಬರೇ. ದಾನಿಯೇಲಪ್ಪ ಒಳ್ಳೆಯವನು, ಮೆತ್ತನೆಯವನು. ಅಮಸಿದ್ದಪ್ಪ ಸಾವಕಾರರ ನೂಲಿನ ಗೋದಾಮಿನಲ್ಲಿ ನೂಲಿನ ಪಿಂಡಿ ಹೊರುವ ಕೆಲಸ. ಸತ್ಯವ್ವ ಅದೇ ಸಾವಕಾರರಿಂದ ನೂಲು ತಂದು ಮನೆಯ ಮಗ್ಗದಲ್ಲಿ ಸೀರೆ ನೇಯುತ್ತಿದ್ದಳು. ಊರಲ್ಲಿ ಕ್ರೈಸ್ತರ ಮನೆಗಳು ಬೆರಳೆಣಿಕೆ. ತಿಂಗಳಿಗೊಮ್ಮೆ ಪಾದ್ರಿಗಳು ಬಸ್ಸಿನಲ್ಲಿ ಬಂದು ಇವರ ಮನೆಯ ಪಡಸಾಲೆಯಲ್ಲೇ ಆರಾಧನೆ ನಡೆಸಿ ಹೋಗುತ್ತಿದ್ದರು.

ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ವರ್ಷದ ಬೇಸಿಗೆ. ಒಂದು ಮಧ್ಯಾಹ್ನ ಸಾವಕಾರರ ಗೋದಾಮಿಗೆ ಬೆಂಕಿ ಬಿತ್ತು. ಕಪ್ಪು ಹೊಗೆ ಬನಹಟ್ಟಿಯವರೆಗೂ ಕಂಡಿತಂತೆ. ನೂಲೆಲ್ಲ ಬೂದಿಯಾಯಿತು. ಸಂಜೆಯೊಳಗೆ ಪೊಲೀಸರು ದಶರಥನನ್ನು ಹಿಡಿದುಕೊಂಡು ಹೋದರು. ದಶರಥ ಪಕ್ಕದ ಮನೆಯ ನೇಕಾರ. ಮಜೂರಿ ಹೆಚ್ಚಿಸಬೇಕೆಂದು ಹಿಂದಿನ ದಿನವಷ್ಟೇ ಸಾವಕಾರರ ಅಂಗಡಿ ಮುಂದೆ ನಿಂತು, “ಬಡವರ ಹೊಟ್ಟಿ ಉರದ್ರ ನಿಮ್ಮ ನೂಲೂ ಉರದೀತು” ಎಂದು ಕೂಗಾಡಿದ್ದ. ಅದನ್ನು ಕೇಳದವರು ಊರಲ್ಲಿ ಇರಲಿಲ್ಲ.

ದಾನಿಯೇಲಪ್ಪ ಮನೆಗೆ ಬಂದಾಗ ಅವನ ಬಲಗೈ ಸುಟ್ಟಿತ್ತು. ಬೆಂಕಿ ಆರಿಸಲು ಹೋಗಿ ಸುಟ್ಟಿರಬೇಕೆಂದು ಸತ್ಯವ್ವ ಎಣ್ಣೆ ಹಚ್ಚತೊಡಗಿದಳು. ಅವನು ಮುಖ ಎತ್ತಲಿಲ್ಲ.

“ದಶರಥ ಹಚ್ಚಿಲ್ಲ,” ಎಂದ.

“ನಿಮಗ ಹೆಂಗ ಗೊತ್ತು?”

“ನಾ ಒಳಗ ಕುಂತು ಬೀಡಿ ಸೇದಾಕತ್ತಿದ್ನಿ. ಯಾರೋ ಕರದಂಗಾತು, ಬೀಡಿ ಒಗದು ಎದ್ದು ಹೋದ್ನಿ. ತಿರಗಿ ನೋಡೂದರಾಗ ಪಿಂಡಿ ಹತ್ತಿಕೊಂಡಿತ್ತು. ಕೈಲೇ ಬಡದ್ನಿ. ಆರಲಿಲ್ಲ.” ಆಮೇಲೆ ದನಿ ತಗ್ಗಿಸಿ ಹೇಳಿದ. “ಯಾರೂ ನೋಡಿಲ್ಲ. ನೀ ಯಾರ ಮುಂದೂ ಅನಬ್ಯಾಡ.”

ಸತ್ಯವ್ವ ಎಣ್ಣೆಯ ಬಟ್ಟಲು ಕೆಳಗಿಟ್ಟಳು. “ನಾ ಅನ್ನೂದಿಲ್ಲ. ನೀವ ಹೋಗಿ ಹೇಳ್ರಿ.”

“ಜೇಲಿಗೆ ಹಾಕತಾರ.”

“ಈಗೂ ಒಬ್ಬಂವನ್ನ ಹಾಕ್ಯಾರಲ್ರಿ.”

ಅವನು ಎದ್ದು ಹೊರಗೆ ಹೋದ. ಸತ್ಯವ್ವ ಮತ್ತೆ ಆ ಮಾತೆತ್ತಲಿಲ್ಲ. ಆದರೆ ಸಂಜೆಯ ಪ್ರಾರ್ಥನೆಗೆ ಕೂತಾಗ ಬೆಟ್ಟದ ಮೇಲಿನ ಬೋಧನೆ ತೆಗೆದು, ಕಾಣಿಕೆಯ ವಚನ ಓದಿದಳು. ದೇವರಿಗೆ ಕಾಣಿಕೆ ಕೊಡಲು ಬಂದವನಿಗೆ, ತನ್ನ ಸಹೋದರನಿಗೆ ತನ್ನಿಂದ ಏನೋ ನೋವಾಗಿದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಅವನೊಡನೆ ಸಮಾಧಾನ ಮಾಡಿಕೊಳ್ಳಬೇಕು ಎನ್ನುವ ವಚನ. ಓದಿ ಪುಸ್ತಕ ಮುಚ್ಚಿದಳು. ಮರುದಿನವೂ ಅದನ್ನೇ ಓದಿದಳು. ಅದರ ಮರುದಿನವೂ ಅದೇ.

“ಮುಂದ ಓದು,” ಎಂದ ದಾನಿಯೇಲಪ್ಪ ಒಂದು ಸಂಜೆ.

“ಮುಂದ ಹಾದಿ ಇಲ್ರಿ.”

ಹಗಲು ಇದಕ್ಕಿಂತ ಕಷ್ಟವಾಗಿತ್ತು. ದಶರಥನ ಹೆಂಡತಿ ತಾರವ್ವ ಮತ್ತು ಸತ್ಯವ್ವ ಒಂದೇ ಬಾವಿಯಿಂದ ಜೊತೆಯಾಗಿ ನೀರು ತರುವವರು. ತಾರವ್ವ ಅಳುತ್ತ ಹಗ್ಗ ಸೇದುತ್ತಿದ್ದಳು. “ನಮ್ಮನಿಯವರು ಬಾಯಿ ಬಡುಕರು ಖರೆ, ಸತ್ಯಕ್ಕ. ಆದ್ರ ಬೆಂಕಿ ಹಚ್ಚೂ ಮಂದಿ ಅಲ್ಲ. ಯಾರೂ ನಂಬವಲ್ರು.” ಸತ್ಯವ್ವ ಆಕೆಯ ಕೊಡ ಎತ್ತಿ ತಲೆಯ ಮೇಲಿಡುತ್ತಿದ್ದಳು. ನಾನು ನಂಬುತ್ತೇನೆ ಎನ್ನಲು ಬಾಯಿ ಬರುತ್ತಿರಲಿಲ್ಲ. ನಂಬುವ ಮಾತೆಲ್ಲಿ, ಸತ್ಯವ್ವನಿಗೆ ನಿಜವೇ ಗೊತ್ತಿತ್ತು. ಗಂಡ ತಾನಾಗಿ ಎದ್ದು ಹೋಗಲಿ ಎಂದು ಕಾಯುತ್ತಿದ್ದಳು. ಹಾಗೆ ಕಾಯುವುದೂ ಒಂದು ಸುಳ್ಳೇ ಎಂದು ದಿನ ಹೋದಂತೆ ಅನಿಸತೊಡಗಿತು.

ಪಾದ್ರಿಗಳು ಬರುವ ಭಾನುವಾರ ಬಂತು. ದಾನಿಯೇಲಪ್ಪ ಬಸ್ಸಿಳಿದವರನ್ನು ದಾರಿಯಲ್ಲೇ ನಿಲ್ಲಿಸಿ ಎಲ್ಲವನ್ನೂ ಹೇಳಿಕೊಂಡಿದ್ದ. ಪಾದ್ರಿಗಳು ವಯಸ್ಸಾದವರು, ಯಾರನ್ನೂ ನೋಯಿಸುವವರಲ್ಲ. ಮನೆಗೆ ಬಂದು ಸತ್ಯವ್ವನನ್ನು ಹತ್ತಿರ ಕರೆದರು.

“ಅವಸರ ಮಾಡಬ್ಯಾಡವ್ವ. ಇದ್ದ ನಾಕ ಮನಿ ನಮ್ಮವು. ನಾಳೆ ಊರ ಮಂದಿ ನಮ್ಮೆಲ್ಲಾರ ಮ್ಯಾಲ ತಿರಗಿ ಬಿದ್ರ ಏನ ಮಾಡೋದು? ಪ್ರಾರ್ಥನಾ ಮಾಡೂಣು. ದೇವರು ದಾರಿ ತೋರಸ್ತಾನ.”

“ತೋರಿಸ್ಯಾನಲ್ರಿ ಅಯ್ಯನವರ,” ಎಂದಳು ಸತ್ಯವ್ವ. “ಅಚ್ಚ ಹಾಕಿಸಿ ಕೊಟ್ಟಾನ.”

ಆರಾಧನೆ ನಡೆಯಿತು. ಹಾಡಾಯಿತು, ಬೋಧನೆಯಾಯಿತು. ಕಾಣಿಕೆಯ ಹೊತ್ತಿಗೆ ಪ್ರತಿಸಲದಂತೆ ಸತ್ಯವ್ವ ಜೋಳದ ಬುಟ್ಟಿ ತಂದಳು. ಮೇಜಿನ ಮುಂದೆ ಬಂದವಳು ಅಲ್ಲೇ ನಿಂತಳು. ಬುಟ್ಟಿಯನ್ನು ಮೇಜಿನ ಮೇಲಿಡದೆ ನೆಲದ ಮೇಲಿಟ್ಟಳು. ಸೆರಗು ಸರಿಮಾಡಿಕೊಂಡು, ಕೂತ ಜನರ ನಡುವೆ ದಾರಿ ಮಾಡಿಕೊಂಡು ಹೊರಗೆ ನಡೆದಳು. ಯಾರಿಗೂ ಏನೂ ತಿಳಿಯಲಿಲ್ಲ. ದಾನಿಯೇಲಪ್ಪನಿಗೆ ಮಾತ್ರ ತಿಳಿಯಿತು. ಅವನು ಬರಿಗಾಲಲ್ಲೇ ಹಿಂದೆ ಓಡಿದ.

ತಾರವ್ವ ಅಂಗಳದಲ್ಲಿ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಸತ್ಯವ್ವ ಆಕೆಯ ಮುಂದೆ ನೆಲದ ಮೇಲೆ ಕೂತಳು.

“ತಾರವ್ವ, ನಮ್ಮ ಮನಿಯಿಂದ ನಿನಗ ಅನ್ಯಾಯ ಆಗೇತಿ.”

ಮುಂದಿನ ಮಾತು ತನ್ನದಲ್ಲವೆಂದು ಸುಮ್ಮನಾದಳು. ದಾನಿಯೇಲಪ್ಪ ಅಂಗಳದ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಹೆಂಡತಿ ತಿರುಗಿ ನೋಡಲಿಲ್ಲ, ಕರೆಯಲೂ ಇಲ್ಲ. ಅವನು ಬಂದ ದಾರಿಯನ್ನೊಮ್ಮೆ ನೋಡಿದ. ಆಮೇಲೆ ಒಳಗೆ ಬಂದು ಸುಟ್ಟ ಕೈ ಮುಂದೆ ಚಾಚಿದ.

“ಬೀಡಿ ನಂದು, ತಂಗೆವ್ವ. ದಶರಥಂದು ಏನೂ ತಪ್ಪಿಲ್ಲ.”

ತಾರವ್ವ ಅವನನ್ನು ಬಯ್ಯಲಿಲ್ಲ. ಸತ್ಯವ್ವನ ಕಡೆಗೆ ತಿರುಗಿದಳು. “ಇಷ್ಟ ದಿನಾ ನನ್ನ ಜೋಡಿ ನೀರ ತಂದ್ಯಲ್ಲ. ಗೊತ್ತಿದ್ದೂ ಹೆಂಗ ತಂದಿ?”



ಅಂದೇ ಮೂವರೂ ಪೊಲೀಸ್ ಠಾಣೆಗೆ ಹೋದರು. ತಾರವ್ವ ಮುಂದೆ, ಗಂಡಹೆಂಡತಿ ಹಿಂದೆ. ಠಾಣೆಯಲ್ಲಿ ದಾನಿಯೇಲಪ್ಪ ಎಲ್ಲ ಹೇಳಿದ, ಒಂದು ಮಾತೂ ಬದಲಿಸಲಿಲ್ಲ. ಪೊಲೀಸರು ಅವನನ್ನು ಅಲ್ಲೇ ಉಳಿಸಿಕೊಂಡರು. ಸತ್ಯವ್ವ ಒಬ್ಬಳೇ ಮನೆಗೆ ಬಂದಾಗ ಜನ ಇನ್ನೂ ಕೂತೇ ಇದ್ದರು. ನೆಲದ ಮೇಲಿದ್ದ ಬುಟ್ಟಿ ಎತ್ತಿ ಮೇಜಿನ ಮೇಲಿಟ್ಟಳು. ಪಾದ್ರಿಗಳು ಎದ್ದು ನಿಂತು ಆಶೀರ್ವಾದ ಹೇಳಿದರು. ಆ ಸಂಜೆ ಸತ್ಯವ್ವ ಮುಂದಿನ ವಚನ ಓದಿದಳು.

ದಶರಥ ಬಿಡುಗಡೆಯಾಗಿ ಬಂದ. ಜಮಖಂಡಿಯ ಕೋರ್ಟು ದಾನಿಯೇಲಪ್ಪನಿಗೆ ಕೆಲವು ತಿಂಗಳ ಸೆರೆವಾಸ ಕೊಟ್ಟಿತು. ಬೇಕೆಂದು ಹಚ್ಚಿದ ಬೆಂಕಿಯಲ್ಲ, ತಾನಾಗಿ ಬಂದು ಒಪ್ಪಿಕೊಂಡಿದ್ದಾನೆ ಎಂದು ಶಿಕ್ಷೆ ಕಡಿಮೆಯಾಯಿತು. ಸಾವಕಾರರು ಮಾತ್ರ ಕಡಿಮೆ ಮಾಡಲಿಲ್ಲ. ಇನ್ನು ಈ ಮನೆಗೆ ನೂಲು ಇಲ್ಲ ಎಂದರು. ಅವರ ಮಾತು ಮೀರಿ ಬೇರೆಯವರೂ ಕೊಡಲಿಲ್ಲ. ಮಗ್ಗ ನಿಂತಿತು.

ಗುಳೇದಗುಡ್ಡದಿಂದ ಅಣ್ಣ ಕರೆಯಲು ಬಂದ. “ಇಲ್ಲಿ ಏನ ಐತಿ ನಿನಗ? ಬಾ, ನಮ್ಮ ಮನಿಯಾಗ ಮಗ್ಗ ಖಾಲಿ ಐತಿ.”

“ಬರೂದಿಲ್ಲಣ್ಣ. ತಪ್ಪ ನಡದ ಊರಾಗ ನಿಂತು ಬಾಳಿ ತೋರಸಬೇಕು. ಓಡಿ ಹೋದ್ರ ಖರೆ ಹೇಳಿದ್ದೂ ಸುಳ್ಳಾಗತೈತಿ.”

ದಿನಾ ಬೆಳಿಗ್ಗೆ ಬನಹಟ್ಟಿಗೆ ನಡೆದು ಹೋಗಿ ಪವರಲೂಮುಗಳ ಒಂದು ಶೆಡ್ಡಿನಲ್ಲಿ ಕಂಡಿಕೆ ಸುತ್ತುವ ಕೆಲಸ ಹಿಡಿದಳು. ಸಂಜೆ ಬಂದು ರೊಟ್ಟಿ ಬಡಿದು, ಒಬ್ಬಳೇ ದೀಪದ ಮುಂದೆ ಕೂತು ಓದುತ್ತಿದ್ದಳು. ಸಿಟ್ಟು ಬಂದ ದಿನಗಳಿದ್ದವು. ದೇವರ ಮಾತು ಕೇಳಿದ್ದಕ್ಕೆ ಇದೇ ಪಾಡೇ ಎಂದು ಅತ್ತ ದಿನಗಳಿದ್ದವು. ಅಂಥ ದಿನವೂ ಓದು ಬಿಡಲಿಲ್ಲ. ಶತ್ರುಗಳನ್ನು ಪ್ರೀತಿಸುವ ವಚನ ಬಂದಾಗ ಮತ್ತೆ ನಿಂತಳು. ಅಮಸಿದ್ದಪ್ಪ ಸಾವಕಾರರ ಹೆಸರು ಹಿಡಿದು ಪ್ರಾರ್ಥನೆ ಮಾಡಲು ಶುರುಮಾಡಿದಳು. ಮೊದಮೊದಲು ಹಲ್ಲು ಕಚ್ಚಿಕೊಂಡೇ ಮಾಡಿದಳು. ಆ ಕಚ್ಚು ಸಡಿಲವಾಗುವವರೆಗೆ ಹಾಳೆ ತಿರುವಲಿಲ್ಲ.

ತಾರವ್ವ ಬಹಳ ಕಾಲ ಮಾತಾಡಲಿಲ್ಲ. ಬಾವಿಯ ಹತ್ತಿರ ಸತ್ಯವ್ವ ಬಂದರೆ ಕೊಡ ಎತ್ತಿಕೊಂಡು ಹೋಗಿಬಿಡುತ್ತಿದ್ದಳು. ಸತ್ಯವ್ವ ಒತ್ತಾಯ ಮಾಡಲಿಲ್ಲ. ಮಳೆಗಾಲದ ಒಂದು ಬೆಳಿಗ್ಗೆ ತಾರವ್ವ ತುಂಬಿದ ಕೊಡದೊಂದಿಗೆ ಅಲ್ಲೇ ನಿಂತಳು.

“ನನ್ನ ಗಂಡ ಹಂಗ ಮಾಡಿದ್ರ ನಾ ಹೇಳತಿದ್ದಿಲ್ಲ,” ಎಂದಳು. “ಭಾಳ ದಿನಾ ವಿಚಾರ ಮಾಡೇನಿ. ಹೇಳತಿದ್ದಿಲ್ಲ.”

“ನನಗೂ ಮನಸ್ಸಿರಲಿಲ್ಲ ಬೇ,” ಎಂದಳು ಸತ್ಯವ್ವ. “ಪುಸ್ತಕ ಬಿಡಲಿಲ್ಲ.”

ತಾರವ್ವ ಕೊಡ ಇಳಿಸಿ ಸತ್ಯವ್ವನ ಕೊಡಕ್ಕೆ ಕೈ ಹಚ್ಚಿದಳು.

ದಾನಿಯೇಲಪ್ಪ ಸೆರೆಯಿಂದ ಬಂದಾಗ ಬಸ್ ನಿಲ್ದಾಣದಲ್ಲಿ ಸತ್ಯವ್ವನ ಜೊತೆ ದಶರಥನೂ ಇದ್ದ. ದಶರಥ ಅವನ ಗಂಟು ತೆಗೆದುಕೊಂಡು ಮುಂದೆ ನಡೆದ. ಮನೆ ಹತ್ತಿರ ಬಂದಾಗ, ತಾವು ಕೆಲವರು ಸೇರಿ ನೇಕಾರರ ಸಂಘ ಕಟ್ಟುತ್ತಿದ್ದೇವೆ, ನೂಲು ಸಂಘದಿಂದಲೇ ಸಿಗುತ್ತದೆ ಎಂದ.

“ನನ್ನ ಸೇರಿಸಿಕೋತೀರ್ಯಾ?” ದಾನಿಯೇಲಪ್ಪನಿಗೆ ನಂಬಿಕೆಯಾಗಲಿಲ್ಲ.

“ಸೇರಿಸಿಕೋತೇವಿ. ಆದ್ರ ಬೀಡಿ ಸೇದೂದು ರಸ್ತಾದಾಗ,” ಎಂದ ದಶರಥ.

ದಾನಿಯೇಲಪ್ಪ ಜೇಲಿನಲ್ಲೇ ಬೀಡಿ ಬಿಟ್ಟಿದ್ದ. ಅದನ್ನು ಹೇಳಲು ಹೋದವನು ನಕ್ಕುಬಿಟ್ಟ. ಮರುವಾರ ಮನೆಯ ಮಗ್ಗಕ್ಕೆ ಸಂಘದ ನೂಲಿನ ಹೊಸ ಹಾಸು ಏರಿತು. ಕುಣಿಯಲ್ಲಿ ಸತ್ಯವ್ವ ಕೂತಳು. ದಾನಿಯೇಲಪ್ಪ ಕಂಡಿಕೆ ಸುತ್ತುತ್ತ, ಆ ದಿನ ಎಲ್ಲಿಂದ ಓದಬೇಕೆಂದು ಹೆಂಡತಿಯನ್ನು ಕೇಳಿ ತಿಳಿದುಕೊಂಡು, ಮೊದಲ ಸಲ ತಾನೇ ಗಟ್ಟಿಯಾಗಿ ಓದತೊಡಗಿದ.