ಮಾಳಿಗೆಯ ಮೇಲಿನ ದಾರಿ

ಯಾದಗಿರಿಯ ಕೋಟೆಗುಡ್ಡದ ಕೆಳಗಿನ ನಮ್ಮ ಹಳೆಯ ಓಣಿಗೆ ಎರಡು ದಾರಿಗಳಿದ್ದವು. ನೆಲದ ಮೇಲಿನದು ಗಂಡಸರದು, ಎಮ್ಮೆಗಳದು, ಸರಕಾರದ್ದು. ಮಾಳಿಗೆಯ ಮೇಲಿನದು ಅವ್ವನದು. ಮನೆಗಳೆಲ್ಲ ಗೋಡೆಗೆ ಗೋಡೆ ಹಚ್ಚಿ ಕಟ್ಟಿದ, ಮಣ್ಣಿನ ಚಪ್ಪಟೆ ಚಾವಣಿಯ ಮಾಳಿಗೆಯವು. ನಿಚ್ಚಣಿಕೆ ಹತ್ತಿದರೆ ಓಣಿಯ ಈ ತುದಿಯಿಂದ ಆ ತುದಿಗೆ ಪಾದಕ್ಕೆ ಬೀದಿಯ ಧೂಳು ಹತ್ತದಂತೆ ಹೋಗಿಬರಬಹುದಿತ್ತು. ಕೆಳಗೆ ಕಟ್ಟೆಗಳ ಮೇಲೆ ಹಿರಿಯರು ಕೂತಿರುತ್ತಿದ್ದರು. ಅವರ ಮುಂದೆ ಸೊಸೆಯಂದಿರು ಅಡ್ಡಾಡಬಾರದೆಂದು ಯಾರೂ ಬರೆದಿಟ್ಟಿರಲಿಲ್ಲ. ಬರೆದಿಟ್ಟಿದ್ದರೆ ಎಂದೋ ಯಾರಾದರೂ ಮುರಿಯುತ್ತಿದ್ದರು.

ಪಕ್ಕದ ಮನೆಯಾಕೆಯನ್ನು ನಾವು ದೊಡ್ಡವ್ವ ಎನ್ನುತ್ತಿದ್ದೆವು. ರಕ್ತಸಂಬಂಧವೇನೂ ಇರಲಿಲ್ಲ. ಆಕೆಯ ತವರೂ ಅವ್ವನ ತವರೂ ಹತ್ತಿಕುಣಿ, ಅಷ್ಟೇ. ಒಂದೇ ಊರಿನಿಂದ ಬಂದ ಸೊಸೆಯಂದಿರಿಗೆ ಅಷ್ಟು ಸಾಕು. ಹೊತ್ತು ಇಳಿದ ಮೇಲೆ ದೊಡ್ಡವ್ವ ಮಾಳಿಗೆಯ ಮೇಲಿಂದ ನಮ್ಮ ಬೆಳಕಿಂಡಿಯೊಳಗೆ ಬಾಗಿ, "ಏ ತಂಗೀ, ಸತ್ತೀಯೋ ಬದುಕೀಯೋ?" ಎಂದು ಕೂಗುತ್ತಿದ್ದಳು. ಅವ್ವ ರೊಟ್ಟಿ ಬಡಿಯುವ ಕೈಯನ್ನು ಸೆರಗಿಗೆ ಒರೆಸಿಕೊಂಡು ಮೇಲೇರುತ್ತಿದ್ದಳು. ಇಬ್ಬರೂ ಒಣಹಾಕಿದ ಮೆಣಸಿನಕಾಯಿ ತಿರುವುವ ನೆಪದಲ್ಲಿ ಹತ್ತಿಕುಣಿ ದಿಕ್ಕಿಗೆ ಮುಖ ಮಾಡಿ ಕೂಡುತ್ತಿದ್ದರು. ಊರು ಕಾಣುತ್ತಿರಲಿಲ್ಲ, ಆ ಕಡೆಯ ಗುಡ್ಡಗಳು ಕಾಣುತ್ತಿದ್ದವು. ಅದನ್ನೇ ಅವರು ತವರಿಗೆ ಹೋಗಿಬಂದಂತೆ ಎಣಿಸುತ್ತಿದ್ದರು.

ನಿಜಾಮನ ರಾಜ್ಯ ಮುಗಿದು ನಮ್ಮೂರು ದೇಶಕ್ಕೆ ಸೇರಿತು. ಮುಂದೆ ಚುನಾವಣೆ ನಡೆದು ಅಪ್ಪ ಮುನ್ಸಿಪಾಲ್ಟಿಯ ಮೆಂಬರರಾದರು. ಅಲ್ಲಿಯವರೆಗೆ ಹುಕುಂ ಮೇಲಿನಿಂದ ಬರುತ್ತಿತ್ತು. ಈಗ ಕೈ ಎತ್ತಿದರೆ ಹುಕುಂ ಹುಟ್ಟುತ್ತಿತ್ತು. ಅಪ್ಪನಿಗೆ ಇದು ಎಷ್ಟು ರೋಮಾಂಚನ ತಂದಿತ್ತೆಂದರೆ, ಮೀಟಿಂಗಿನಿಂದ ಬಂದ ದಿನ ಊಟಕ್ಕೆ ಕೂಡುವ ಮೊದಲು ಕೈಯನ್ನು ಹೇಗೆ ಎತ್ತಿದರೆಂದು ಎತ್ತಿ ತೋರಿಸುತ್ತಿದ್ದರು. ಅಜ್ಜ ಗಂಭೀರವಾಗಿ ತಲೆದೂಗುತ್ತಿದ್ದರು.

ಹಾಗೆ ಎತ್ತಿದ ಕೈಗಳಿಂದಲೇ ಸ್ಟೇಷನ್ನಿನ ಕಡೆಯ ಹೊಲದಲ್ಲಿ ಹೊಸ ಬಡಾವಣೆ ಮಂಜೂರಾಯಿತು. ಮನೆಗೂ ಮನೆಗೂ ನಡುವೆ ಒಂದಾಳು ಅಡ್ಡ ಮಲಗುವಷ್ಟು ಜಾಗ ಬಿಡತಕ್ಕದ್ದು, ಗಾಳಿ ಬೆಳಕು ಆಡತಕ್ಕದ್ದು ಎಂಬ ಠರಾವನ್ನು ಮಂಡಿಸಿದವರು ಅಪ್ಪನೇ. ಮಂಡಿಸಿದವರೇ ಮೊದಲು ಕಟ್ಟಬೇಕೆಂದು ಉಳಿದ ಮೆಂಬರರು ಹೇಳಿದ್ದರಿಂದ ನಮಗೊಂದು ಪ್ಲಾಟು ಬಂತು. ಅವ್ವ ಒಂದೇ ಒಂದು ಷರತ್ತು ಹಾಕಿದಳು: ಬಾಜೂ ಪ್ಲಾಟು ದೊಡ್ಡವ್ವನ ಮನೆಯವರಿಗೆ ಸಿಗಬೇಕು. ಸಿಕ್ಕಿತು. ಬಾಜೂ ಎಂದರೆ ಗೋಡೆ ಹಚ್ಚಿ ಎಂದೇ ಅವ್ವ ತಿಳಿದಿದ್ದಳು; ಹಾಗಲ್ಲದ ಬಾಜೂ ಮನೆಯನ್ನು ಆಕೆ ಹುಟ್ಟಿದಂದಿನಿಂದ ಕಂಡಿರಲಿಲ್ಲ.

ಗೋಡೆಗಳೆದ್ದ ಮೇಲೆ ಅವ್ವ ಹೋಗಿ ನೋಡಿದಳು.

"ಇದೇನ್ರಿ, ನಡುವ ಸಂದಿ ಬಿಟ್ಟಾರ?"

"ಗಾಳಿ ಬರಾಕ."

"ಗಾಳಿಗಿ ದಾರಿ ಮಾಡೀರಿ. ನಾ ಅಕ್ಕನ ಮನಿಗಿ ಹ್ಯಾಂಗ ಹೋಗ್ಲಿ?"

"ಮುಂದ ಇಷ್ಟು ಅಗಲ ರೋಡ್ ಅದಲ್ಲ!"

"ರೋಡಿನ ಮ್ಯಾಲ ಮಾವನೋರು ಕುಂತಿರ್ತಾರ," ಎಂದಳು ಅವ್ವ. ಅಪ್ಪ ಈ ಅಂಶವನ್ನು ಠರಾವಿನಲ್ಲಿ ಪರಿಗಣಿಸಿರಲಿಲ್ಲ.

ದೊಡ್ಡವ್ವ ಮಾತ್ರ ನಕ್ಕಳು. "ನಿನ್ ಗಂಡ ಕೈ ಎತ್ತಿದ್ದಕ್ಕ ಇಷ್ಟು ಅಗಲ ಸಂದಿ ಆಗ್ಯಾದ. ಕಾಲು ಎತ್ತಿದ್ರ ನಾ ಸುರಪುರಕ್ಕ ಹೋಗಿ ಬೀಳ್ತಿದ್ನೋ ಏನೋ!"

ಹೊಸ ಮನೆಯಲ್ಲಿ ಗಾಳಿ ಚೆನ್ನಾಗಿ ಬರುತ್ತಿತ್ತು, ಸುಳ್ಳು ಹೇಳಬಾರದು. ಆದರೆ ಅವ್ವ ಮಾಳಿಗೆ ಹತ್ತಿ ಅಂಚಿನವರೆಗೆ ಹೋಗಿ ನಿಲ್ಲುತ್ತಿದ್ದಳು. ಆ ಅಂಚಿನಲ್ಲಿ ದೊಡ್ಡವ್ವ. ತವರಿನ ಮಾತನ್ನು ಕೂಗಿ ಆಡಲಾಗುವುದಿಲ್ಲ, ಕೂಗಿದರೆ ಅದು ಇಡೀ ಬಡಾವಣೆಯದಾಗುತ್ತದೆ. ಹೀಗೆ ಒಂದು ಸುಗ್ಗಿ ಕಳೆದ ಮೇಲೆ ಅವರಿಬ್ಬರೂ ಸೇರಿ ಹಳೆ ಮನೆಯ ಕದವೊಂದನ್ನು ತರಿಸಿ ಎರಡು ಮಾಳಿಗೆಗಳ ನಡುವೆ ಅಡ್ಡ ಹಾಸಿದರು. ಆ ಸಂಜೆ ನಾವು ರೊಟ್ಟಿ ಉಂಡಾಗ ಬಹಳ ತಡವಾಗಿತ್ತು, ಯಾರೂ ಬೈಯಲಿಲ್ಲ.

ಕದದ ವಿಷಯ ಮುನ್ಸಿಪಾಲ್ಟಿಗೆ ಮುಟ್ಟಿತು. ಬಿಟ್ಟ ಜಾಗದಲ್ಲಿ ಏನನ್ನೂ ಇಡಕೂಡದು. ಆದರೆ ಕದ ನೆಲ ಮುಟ್ಟಿರಲಿಲ್ಲ. ಸಭೆ ಈ ತೊಡಕಿನ ಮೇಲೆ ಬಹಳ ಹೊತ್ತು ಕೂತಿತಂತೆ. "ಆಕಾಶ ನಮ್ ಸರಹದ್ದಿನಾಗ ಬರ್ತದೇನ್ರಿ?" ಎಂದು ಒಬ್ಬರು ಕೇಳಿದರಂತೆ. "ಮೆಂಬರ್ ಸಾಹೇಬ್ರ ಮನೀದೇ ಬಿಟ್ರ ನಾಳಿ ಎಲ್ಲಾರೂ ಹಾಸ್ತಾರ," ಎಂದು ಇನ್ನೊಬ್ಬರು. ಕೊನೆಗೆ ತೆಗೆಸಬೇಕೆನ್ನುವವರು ಕೈ ಎತ್ತಿರಿ ಎಂದರು. ಅಪ್ಪ ಎತ್ತಿದರು.

ಆ ದಿನ ಅವರು ಕೈ ಎತ್ತಿದ್ದನ್ನು ಮನೆಯಲ್ಲಿ ತೋರಿಸಲಿಲ್ಲ. ತಾವೇ ಮಾಳಿಗೆ ಹತ್ತಿ, ಕದವನ್ನು ತಾವೇ ಇಳಿಸಿ, ಸಂದಿಯ ಬಾಯಿಯ ಹೊರಗೆ, ನಮ್ಮದೇ ಜಗಲಿಯ ಪಕ್ಕದಲ್ಲಿ ಎರಡು ಕಲ್ಲಿನ ಮೇಲೆ ಹಾಸಿದರು. "ಇಲ್ಲಿ ಕುಂಡ್ರಿ. ನಮ್ಮಪ್ಪಗ ನಾ ಹೇಳೀನಿ," ಎಂದರು.

ಅಜ್ಜ ಅಂದಿನಿಂದ ಕದಕ್ಕೆ ಬೆನ್ನು ಮಾಡಿ ಜಗಲಿಯ ಆ ಕಡೆ ತಿರುಗಿ ಕೂಡತೊಡಗಿದರು. ಅವ್ವ, ದೊಡ್ಡವ್ವ ಕದದ ಮೇಲೆ ಕೂತರು. ಕೆಲವು ದಿನ ಕೂತರು.

"ಚಲೋ ಅದ ಇಲ್ಲ?" ಎಂದು ಅಪ್ಪ ಕೇಳಿದರು.

"ಚಲೋ ಅದ. ಇಲ್ಲಿಂದ ಎದುರಿನ ಗ್ವಾಡಿ ಚಂದ ಕಾಣ್ತದ," ಎಂದಳು ಅವ್ವ.

ಅಪ್ಪ ಮೆಂಬರಗಿರಿ ಬಿಟ್ಟ ಮೇಲೆ ಆ ಠರಾವನ್ನು ಕೇಳುವವರು ಉಳಿಯಲಿಲ್ಲ. ಒಬ್ಬರು ಸಂದಿಗೆ ಚಾವಣಿ ಹಾಕಿ ಬಚ್ಚಲು ಮಾಡಿದರು, ಒಬ್ಬರು ಕಟ್ಟಿಗೆಯ ಕೋಣೆ, ಮತ್ತೊಬ್ಬರು ಬಾಡಿಗೆಗೆ ಒಂದು ಖೋಲಿ. ಸಾಲಿನ ಮನೆಗಳೆಲ್ಲ ಮತ್ತೆ ಒಂದಕ್ಕೊಂದು ಅಂಟಿಕೊಂಡವು. ಅಪ್ಪ ಮಾತ್ರ ತಾವು ಎತ್ತಿದ ಕೈಗೆ ಬದ್ಧರಾಗಿ ನಮ್ಮ ಸಂದಿಯನ್ನು ಕೊನೆಯವರೆಗೆ ಹಾಗೇ ಇಟ್ಟರು. ಅಷ್ಟರಲ್ಲಿ ದೊಡ್ಡವ್ವ ತೀರಿಕೊಂಡಿದ್ದಳು.

ಈಗ ಊರಿಗೆ ಹೋದಾಗ ಮಾಳಿಗೆ ಹತ್ತುತ್ತೇನೆ. ಮೇಲಿನಿಂದಲೇ ನಡೆದರೆ ಸ್ಟೇಷನ್ನಿನ ತುದಿಯಿಂದ ದೊಡ್ಡವ್ವನ ಮನೆಯವರೆಗೆ ಎಲ್ಲಿಯೂ ಇಳಿಯದೆ ಬರಬಹುದು. ಅಲ್ಲಿಂದ ನಮ್ಮ ಮನೆಗೆ ಮಾತ್ರ ದಾಟಲಾಗುವುದಿಲ್ಲ.