ಎಂಟನೇ ತಿಂಗಳಿಗೆ ಕಟ್ಟಬೇಕಿದ್ದ ಲಿಂಗ

ನಮ್ಮ ಮನೆಯಲ್ಲಿ ಜಗತ್ತು ದಿನಾ ಮುಂಜಾನೆ ಎರಡು ಸಲ ಹುಟ್ಟುತ್ತಿತ್ತು. ಮಾವನವರ ಲಿಂಗಪೂಜೆ ಮುಗಿಯುವ ಹೊತ್ತಿಗೆ ಒಮ್ಮೆ, ಅದು ಶಿವ ಮಾಡಿದ ಜಗತ್ತು. ನನ್ನ ಗಂಡನ ಚಹಾ ಮುಗಿಯುವ ಹೊತ್ತಿಗೆ ಇನ್ನೊಮ್ಮೆ, ಅದು ತಾನೇ ತಾನಾಗಿ ಆದ ಜಗತ್ತು. ನಡುವೆ ಒಲೆಯ ಮುಂದೆ ರೊಟ್ಟಿ ಬಡಿಯುವವಳು ನಾನು. ಎರಡೂ ಜಗತ್ತಿನವರಿಗೆ ರೊಟ್ಟಿ ಮಾತ್ರ ಬಿಸಿಯೇ ಬೇಕಿತ್ತು.

ಎಂಬತ್ತರ ದಶಕದ ನಡುವಿನ ಮಾತಿದು. ಕುಂದಗೋಳ ತಾಲೂಕಿನ ಒಂದು ಸಣ್ಣ ಊರು, ಸುತ್ತಲೂ ಕಪ್ಪು ಮಣ್ಣಿನ ಎರಿಹೊಲ. ಇವರು ಬಸ್ಸಿನಲ್ಲಿ ಸಂಶಿಗೆ ಹೋಗಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಅತ್ತೆ ನಾನು ಸೊಸೆಯಾಗಿ ಬರುವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ನಾವು ಮೂವರೇ. ಮಾವನವರು ಹೊಲ ನೋಡಿಕೊಂಡು, ಹಣೆತುಂಬ ವಿಭೂತಿ ಹಚ್ಚಿಕೊಂಡು, ಬಿಡುವಾದಾಗೆಲ್ಲ ಮಗನನ್ನು ಕೆಣಕಿಕೊಂಡು ಇರುತ್ತಿದ್ದರು.

ಶಾಲೆಯಲ್ಲಿ ಇಲಿ ಕಡಿಯುತ್ತವೆಂದು ಇವರು ಒಂದು ದೊಡ್ಡ ಚಿತ್ರಪಟವನ್ನು ಮನೆಗೆ ತಂದು ಪಡಸಾಲೆಯ ಗೋಡೆಗೆ ತೂಗುಹಾಕಿದ್ದರು. ಮೀನು, ಆಮೆ, ಕೋಳಿ, ಮೊಲ, ಮನುಷ್ಯ ಇವೆಲ್ಲ ಹುಟ್ಟುವ ಮೊದಲು ಹೇಗಿರುತ್ತವೆ ಎಂದು ತೋರಿಸುವ ಪಟ ಅದು. ಮೇಲಿನ ಸಾಲಿನಲ್ಲಿ ಎಲ್ಲವೂ ಒಂದೇ ತರಹ, ಬಾಗಿದ ಬೆನ್ನು, ಚೋಟುದ್ದ ಬಾಲ. ಕೆಳಗಿನ ಸಾಲಿಗೆ ಬರುತ್ತ ಬರುತ್ತ ಒಂದೊಂದೂ ತನ್ನ ತನ್ನ ದಾರಿ ಹಿಡಿಯುತ್ತಿತ್ತು.

ಮಾವನವರು ಕನ್ನಡಕ ಏರಿಸಿ ಅದನ್ನು ನೋಡಿ, "ಇದರಾಗ ನೀ ಯಾವದಲೇ ಮಾಸ್ತರಾ?" ಎಂದರು.

"ಮೊದಲ ಎಲ್ಲಾರೂ ಒಂದರಿ ಅಪ್ಪಾ. ನಾ ಹೇಳೂದು ಅದನ್ನ."

"ನೀ ಮಂಗ್ಯಾನಿಂದ ಬಂದಿದ್ದರ ಬಂದಿರಬೇಕು. ನಾ ಶಿವನ ಕಡಿಂದ ಬಂದೇನಿ."

"ನಾ ಬಂದಿದ್ದು ನಿಮ್ಮಿಂದರಿ. ಮಂಗ್ಯಾ ಯಾರಂತ ನೀವ ವಿಚಾರ ಮಾಡ್ರಿ."

ಮಾವನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ನಗುತ್ತ ಶುರುವಾದದ್ದು ಎಲ್ಲಾ ದಿನ ನಗುತ್ತ ಮುಗಿಯುತ್ತಿರಲಿಲ್ಲ. ಕುಂಬಾರನಿಲ್ಲದೆ ಗಡಗಿ ಆಗತೈತೇನಲೇ ಎಂದು ಅವರು ಕೇಳುವುದು, ಗಡಗಿ ಮರಿ ಹಾಕೂದಿಲ್ರಿ ಎಂದು ಇವರು ಹೇಳುವುದು, ಆಮೇಲೆ ಒಬ್ಬರು ಹೊಲಕ್ಕೆ, ಒಬ್ಬರು ಬಸ್‌ಸ್ಟ್ಯಾಂಡಿಗೆ ಮಾತಿಲ್ಲದೆ ಹೊರಡುವುದು. ಸಂಜೆಗೆ ಮತ್ತೆ ಒಂದೇ ಪರಾತದಿಂದ ಚುರುಮುರಿ ತಿನ್ನುತ್ತಿದ್ದರು. ನನಗೆ ಇಬ್ಬರ ಮೇಲೂ ಸಿಟ್ಟಿರಲಿಲ್ಲ. ಜಗಳಾಡಲು ಇಷ್ಟು ದೊಡ್ಡ ವಿಷಯ ಸಿಕ್ಕ ಗಂಡಸರು ಉಪ್ಪು ಖಾರದ ಮೇಲೆ ಜಗಳ ತೆಗೆಯುವುದಿಲ್ಲ, ಅದೇ ನನ್ನ ಪುಣ್ಯ ಅಂದುಕೊಂಡಿದ್ದೆ.

ನಾನು ಬಸುರಾದ ಮೇಲೆ ಆ ಜಗಳ ನನ್ನ ಹೊಟ್ಟೆಯ ಸುತ್ತ ಬಂದು ಕೂತಿತು. ನಮ್ಮಲ್ಲಿ ಎಂಟನೇ ತಿಂಗಳಿಗೆ ಮಠದ ಅಯ್ಯನವರು ಬಂದು ಗರ್ಭದಲ್ಲಿರುವ ಕೂಸಿಗೇ ಲಿಂಗ ಕೊಡುತ್ತಾರೆ. ತಾಯಿ ಅದನ್ನು ಕಟ್ಟಿಕೊಂಡಿರಬೇಕು, ಹುಟ್ಟಿದ ಮೇಲೆ ಅದು ಕೂಸಿನದು. ಮಾವನವರು ಐದು ತುಂಬುವ ಮೊದಲೇ ಹುಬ್ಬಳ್ಳಿಗೆ ಹೋಗಿ ಲಿಂಗ ತಂದು, ಬಿಳಿ ಅರಿವೆಯಲ್ಲಿ ಸುತ್ತಿ, ದೇವರ ಜಗಲಿಯ ಮೇಲೆ ಇಟ್ಟರು.

ಇವರು ಮುಖ ಗಂಟು ಹಾಕಿಕೊಂಡು, "ಹುಟ್ಟಲಿ ಮೊದಲ. ಹೊಟ್ಯಾಗಿನ ಕೂಸಿಗೆ ಯಾತರ ಧರ್ಮರಿ ಅಪ್ಪಾ?" ಎಂದರು.

"ನಿನಗೂ ಹಂಗ ಕಟ್ಟೀವಿ. ನಿಮ್ಮವ್ವನ ಹೊಟ್ಯಾಗ ಇದ್ದಾಗ ಬ್ಯಾಡ ಅನ್ನಲಿಲ್ಲ ನೀ."

ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ, ನನಗೆ ಕೂಸು ಬೇಕು ಅಷ್ಟೇ ಎಂದು. ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಆ ಪಟದ ಮುಂದೆ ನಿಂತು, ನಮ್ಮದು ಈಗ ಯಾವ ಸಾಲಿಗೆ ಬಂದಿರಬಹುದು ಎಂದು ಬೆರಳಿಟ್ಟು ನೋಡುತ್ತಿದ್ದೆ. ಆಮೇಲೆ ಜಗಲಿಯ ಮುಂದೆ ನಿಂತು ಕೈ ಮುಗಿಯುತ್ತಿದ್ದೆ. ಎರಡರಲ್ಲೂ ನನಗೆ ಖುಷಿ ಇತ್ತು, ಎರಡರ ನಡುವೆ ವೈರವಿದೆ ಎಂದು ಅನಿಸಿರಲೇ ಇಲ್ಲ.

ಆರು ತುಂಬಿ ಏಳಕ್ಕೆ ಬಿದ್ದಾಗ, ಒಂದು ಚೈತ್ರದ ಮುಂಜಾನೆ, ಇವರ ಬಸ್ಸು ಹೋದ ಮೇಲೆ ನೋವು ಶುರುವಾಯಿತು. ಬಸುರಿಗೆ ಉಡಿಸುವ ಕುಬುಸದ ಸೀರೆ ಇನ್ನೂ ತವರಿನಿಂದ ಬಂದಿರಲಿಲ್ಲ. ಬಾಜು ಮನೆಯಾಕೆ ಓಡಿ ಹೋಗಿ ಊರ ಸೂಲಗಿತ್ತಿಯನ್ನು ಕರೆತಂದಳು. ಹುಬ್ಬಳ್ಳಿಗೆ ಹೋಗಲು ಗಾಡಿ ಹುಡುಕುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಳು ಕೇಳಲಿಲ್ಲ. ನಾನು ಕಾದೆ, ಆದರೂ ಕೇಳಲಿಲ್ಲ.

"ಏನು ಕೂಸು?" ಎಂದೆ.

"ಹೆಣ್ಣಿತ್ತವ್ವಾ," ಎಂದಳು ಸೂಲಗಿತ್ತಿ.

"ತೋರಸು."

"ಬ್ಯಾಡ ತಂಗಿ. ನೋಡಿದ್ರ ಮರಿಯಾಕ ಆಗೂದಿಲ್ಲ."

ನನ್ನದೇ ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿ ಹೊರಗೆ ಒಯ್ದುಬಿಟ್ಟಳು. ನನಗೆ ಏಳಲು ತ್ರಾಣವಿರಲಿಲ್ಲ. ನೋಡದಿದ್ದರೆ ಮರೆಯುತ್ತದೆ ಎಂದು ಯಾರು ಅವಳಿಗೆ ಹೇಳಿದರೋ! ನೋಡಿದ್ದರೆ ನೆನಪಿಟ್ಟುಕೊಳ್ಳಲು ಒಂದು ಮುಖವಾದರೂ ಇರುತ್ತಿತ್ತು.

ಸುದ್ದಿ ಕೇಳಿ ಇವರು ಮಧ್ಯಾಹ್ನದ ಬಸ್ಸಿಗೆ ಬಂದರು. ಮಾವನವರು ಅಷ್ಟೊತ್ತಿಗೆ ಹೊಲದಿಂದ ಬಂದು ಪಡಸಾಲೆಯಲ್ಲಿ ಕೂಸನ್ನಿಟ್ಟ ಬುಟ್ಟಿಯ ಬಾಜು ಕೂತಿದ್ದರು. ನಾನು ಒಳಗಿನ ಕೋಣೆಯಲ್ಲಿ ಮಲಗಿದ್ದೆ, ನಡುವೆ ಒಂದು ಬಾಗಿಲು ಮಾತ್ರ. ಅವರ ಒಂದೊಂದು ಮಾತೂ ನನಗೆ ಕೇಳುತ್ತಿತ್ತು.

"ಅಪ್ಪಾ, ಜಗಲಿ ಮ್ಯಾಲಿನ ಲಿಂಗ ಕೊಡ್ರಿ," ಎಂದರು ಇವರು. "ಕಟ್ಟಿ, ಎಲ್ಲಾರಿಗೂ ಮಾಡಿದಂಗ ಮಾಡಿ, ನಮ್ಮವ್ವನ ಸಮಾಧಿ ಬಾಜೂಕ ಇಡೂಣು."

ನಾನು ಕಿವಿಯನ್ನೇ ನಂಬಲಿಲ್ಲ. ಹೊಟ್ಟೆಯಲ್ಲಿದ್ದಾಗ ಬೇಡವೆಂದವರು ಈಗ ಕೈಯೊಡ್ಡಿ ಬೇಡುತ್ತಿದ್ದರು.

ಮಾವನವರು, "ಬರೂದಿಲ್ಲ ತಮ್ಮಾ," ಎಂದರು. "ಜೀವ ಇದ್ದವರಿಗೆ ಕಟ್ಟೂದು ಅದು. ಉಸರ ಆಡದ ಕೂಸಿಗೆ ಲಿಂಗ ಇಲ್ಲ, ಕ್ರಿಯಾ ಇಲ್ಲ. ಹೊಲದಾಗ ಇಟ್ಟ ಬರಬೇಕು. ಹಿಂದಿನಿಂದ ನಡಕೋತ ಬಂದೈತಿ."

"ಅಪ್ಪಾ..."

"ನೀನ ಹೇಳತಿದ್ದೆಲ್ಲೋ. ಹೊಟ್ಯಾಗ ಇದ್ದಾಗ ಮೀನ ಇರತೈತಿ, ಆಮಿ ಇರತೈತಿ ಅಂತ. ಇನ್ನೂ ಮನಷ್ಯಾ ಆಗಿದ್ದಿಲ್ಲಂತ ತಿಳಿ. ನಿನ್ನ ಪಟದಾಗ ಐತೆಲ್ಲ."

ಮಗನ ಸಮಾಧಾನಕ್ಕೆ ಮಾವನವರು ತಮ್ಮ ಜನ್ಮದಲ್ಲಿ ಒಪ್ಪದ ಮಾತನ್ನು ಬಾಯಿಗೆ ತಂದುಕೊಂಡರು.

"ಅದು ಮೊದಲಿನ ವಾರದಾಗರಿ," ಎಂದರು ಇವರು ಅಳುತ್ತ. "ಈಗ ಪೂರಾ ಮನಷ್ಯಾಳ ಆಗಿರತಾಳ್ರಿ. ಉಗುರ ಸುದ್ದಾ ಬಂದಿರತಾವು."

ಒಳಗೆ ನನ್ನ ಎದೆಯಲ್ಲಿ ಹಾಲು ಬಿಗಿಯುತ್ತಿತ್ತು. ಕೂಸು ಮನುಷ್ಯಳು ಹೌದೋ ಅಲ್ಲವೋ ಎಂದು ಹೊರಗೆ ತೀರ್ಮಾನವಾಗುತ್ತಿತ್ತು. ನನ್ನ ದೇಹಕ್ಕೆ ಆ ಸಂಶಯವೇ ಇರಲಿಲ್ಲ. ಕೂಗಿ ಹೇಳಬೇಕೆನಿಸಿತು, ಇಲ್ಲಿ ತನ್ನಿ, ನಾನು ನೋಡಿ ಹೇಳುತ್ತೇನೆ ಎಂದು. ಆದರೆ ಮಾವನವರ ಎದುರು ದನಿ ಎತ್ತಿ ರೂಢಿಯಿಲ್ಲದ ಬಾಯಿ ಅದು, ದನಿ ಏಳಲೇ ಇಲ್ಲ. ಹೊರಬಾಗಿಲ ಸಪ್ಪಳವಾಯಿತು. ಇಬ್ಬರೂ ಬುಟ್ಟಿ ತೆಗೆದುಕೊಂಡು ಹೋದರು.

ಸೂಲಗಿತ್ತಿ ನನಗೆ ನೀರು ಹಾಕಲು ಬಂದಾಗ ಕೂಸು ಹೇಗಿತ್ತು ಎಂದು ಕೇಳಿದೆ. "ಎಲ್ಲಾ ಕೂಸಿನಂಗ ಇತ್ತವ್ವಾ," ಎಂದು ಇನ್ನೊಂದು ತಂಬಿಗೆ ನೀರು ಸುರಿದಳು. ಎಲ್ಲಾ ಕೂಸಿನ ಹಾಗೆ ಇರುವ ಕೂಸನ್ನು ಯಾವ ತಾಯಿ ಹೆತ್ತಾಳು?

ಆಮೇಲೆ ಮನೆಯಲ್ಲಿ ಮುಂಜಾನೆಯ ಜಗಳ ನಿಂತುಹೋಯಿತು. ಪಟವನ್ನು ಇವರು ಸುತ್ತಿ ಶಾಲೆಗೆ ಒಯ್ದರು. ಮಾವನವರ ಪೂಜೆ ನಡೆಯುತ್ತಿತ್ತು, ಮಂತ್ರ ಮಾತ್ರ ಬಾಯಲ್ಲೇ ಉಳಿಯುತ್ತಿತ್ತು. ಇಬ್ಬರೂ ತಲೆ ತಗ್ಗಿಸಿ ತಣ್ಣಗಿನ ರೊಟ್ಟಿಯನ್ನೇ ತಿಂದು ಏಳುತ್ತಿದ್ದರು. ಆ ಜಗಳ ಮತ್ತೆ ಶುರುವಾದರೆ ಸಾಕೆಂದು ನಾನು ಹಂಬಲಿಸುವಂತಾಗಿತ್ತು. ಇವರ ಹತ್ತಿರ ಕೂಸಿನ ಮಾತು ತೆಗೆದರೆ ಎದ್ದು ಹೊರಗೆ ಹೋಗಿಬಿಡುತ್ತಿದ್ದರು.

ಶ್ರಾವಣದಲ್ಲಿ ನಾನು ಹಟ ಹಿಡಿದೆ, ಆ ಜಾಗ ನೋಡಲೇಬೇಕೆಂದು. ಇಬ್ಬರೂ ನನ್ನನ್ನು ಹೊಲಕ್ಕೆ ಕರೆದುಕೊಂಡು ಹೋದರು. ಅವರು ಕೂಸನ್ನು ಇಟ್ಟಾಗ ಎರಿಭೂಮಿ ಬಿರುಕು ಬಿಟ್ಟು ಬಾಯಿ ತೆರೆದಿತ್ತಂತೆ. ಈಗ ಮಳೆಯಾಗಿ ಎಲ್ಲ ಕೂಡಿಕೊಂಡು ಹೆಸರಿನ ಪೈರು ಬೆಳೆದು ನಿಂತಿತ್ತು. ಅಂಥ ಜಾಗಕ್ಕೆ ಕಲ್ಲು ನೆಟ್ಟು ಗುರುತು ಇಡುವ ಪದ್ಧತಿ ನಮ್ಮಲ್ಲಿಲ್ಲ.

ಮಾವನವರು ಬದುವಿನ ಹತ್ತಿರ ನಿಂತು, "ಇಲ್ಲೆ," ಎಂದರು.

ಇವರು ಬನ್ನಿ ಗಿಡದ ಕಡೆಗೆ ಕೈ ಮಾಡಿ, "ಅಲ್ಲರಿ ಅಪ್ಪಾ, ಅಲ್ಲೆ," ಎಂದರು.

"ನಾ ಅಗದಿದ್ದು ನನಗ ಗೊತ್ತಿಲ್ಲೇನಲೇ?"

"ಬುಟ್ಟಿ ನಾ ಹಿಡದಿದ್ದೆರಿ. ಗಿಡದ ನೆರಳ ಬಿದ್ದಿತ್ತು."

ಅಷ್ಟು ದಿನದ ಮೇಲೆ ಅವರ ದನಿ ಮತ್ತೆ ಎದುರುಬದುರಾಗಿತ್ತು. ನಾನು ಎರಡು ಜಾಗದ ನಡುವೆ ನಿಂತಿದ್ದೆ. ಯಾವ ಕಡೆ ತಿರುಗಿ ಅಳಬೇಕೆಂದೇ ತಿಳಿಯಲಿಲ್ಲ. ಆವತ್ತು ಒಳಗೆ ಮಲಗಿದ್ದಾಗ ಏಳದ ದನಿ ಈಗ ತಾನೇ ಎದ್ದು ಬಂತು.

"ಮಾವಾರ, ಜಾಗಾ ಎಲ್ಲೆರ ಇರಲಿ ಬಿಡ್ರಿ. ಅಕಿ ಮಾರಿ ಹೆಂಗಿತ್ತು ಅಷ್ಟ ಹೇಳ್ರಿ. ಯಾರಂಗ ಇದ್ದಳು?"

ಮಾವನವರು ಮಗನ ಕಡೆ ನೋಡಿದರು. ಇವರು ನೆಲ ನೋಡಿದರು.

"ಅರಿವಿ ತಗೀಲಿಲ್ಲವ್ವಾ," ಎಂದರು ಮಾವನವರು. "ನೋಡಿದ್ರ ಮಣ್ಣ ಹಾಕಾಕ ಕೈ ಏಳತಿದ್ದಿಲ್ಲ."

ನಾನು ಇವರ ಕಡೆ ತಿರುಗಿದೆ.

"ನಾನೂ ನೋಡಲಿಲ್ಲ," ಎಂದರು ಇವರು.

"ಮನಷ್ಯಾ ಎಲ್ಲಿಂದ ಬಂದಾ ಅಂತ ಇಷ್ಟ ವರ್ಷ ಮಾತಾಡಿದಿರಿ," ಎಂದೆ. "ಮನೀಗೆ ಬಂದಾಕಿ ಮಾರಿ ಒಬ್ಬರೂ ನೋಡಲಿಲ್ಲರಿ."

ಮಾವನವರು ರುಮಾಲು ತೆಗೆದು ಮುಖಕ್ಕೆ ಒತ್ತಿಕೊಂಡು ಹಸಿ ಎರಿಯ ಮೇಲೇ ಕೂತುಬಿಟ್ಟರು.