ಜೀರಗಿಗೆ ಹಿತ್ತಲ ದಾರಿ

ಬ್ಯಾಡಗಿಯ ನಿರ್ಮಲಾ ಯಾರ ಮುಂದೆಯೂ ಕೂತು ಪಾಠ ಹೇಳಿಸಿಕೊಂಡವಳಲ್ಲ. ಹೊಲಿಗೆ ಬೇಕೆನಿಸಿದಾಗ ಹಳೆಯ ಕುಪ್ಪಸವೊಂದನ್ನು ಎಳೆ ಎಳೆಯಾಗಿ ಬಿಚ್ಚಿ, ಅದು ಹೇಗೆ ಕೂಡಿತ್ತೆಂದು ನೋಡಿ ಕಲಿತಳು. ಮೆಣಸಿನಕಾಯಿ ತೊಟ್ಟು ಬಿಡಿಸುವುದನ್ನು ಪಕ್ಕದ ಓಣಿಯ ಹಸೀನಾಬಿಯ ಕೈ ನೋಡಿ ಕಲಿತಳು. ಮದುವೆಯಾಗಿ ಬಂದ ಹತ್ತೊಂಬತ್ತು ವರ್ಷಗಳಲ್ಲಿ ಈ ಮನೆಗೆ ಏನು ಬರಬೇಕು, ಏನು ಹೋಗಬೇಕು ಎಂಬುದನ್ನು ಅತ್ತೆ ಗುಡ್ಡವ್ವನೇ ಹೇಳುತ್ತಿದ್ದಳು. ನಿರ್ಮಲಾ ಯಾರನ್ನೂ ಕೇಳದೆ ತಂದದ್ದು ಒಂದೇ, ಆ ನಾಯಿಮರಿ.

ತವರೂರು ಕುಪ್ಪೇಲೂರಿನಲ್ಲಿ ಅಣ್ಣನ ನಾಯಿ ಆರು ಮರಿ ಹಾಕಿತ್ತು. ಐದನ್ನು ಜನ ಒಯ್ದರು. ಹೆಣ್ಣು ಅಂತ ಇದೊಂದು ಉಳಿಯಿತು. ಅದನ್ನು ಕಾಯಿಪಲ್ಯದ ಚೀಲದಲ್ಲಿ ಕೂರಿಸಿಕೊಂಡು, ರಾಣೆಬೆನ್ನೂರಿನಲ್ಲಿ ಬಸ್ಸು ಬದಲಿಸಿ ಕೂತಾಗ ಕಂಡಕ್ಟರ್ ಕೇಳಿದ, “ಅಕ್ಕಾರ, ಚೀಲದಾಗ ಏನೈತ್ರಿ?”

“ಜೀರಗಿ ಐತ್ರಿ,” ಎಂದಳು, ಬಾಯಿಗೆ ಬಂದದ್ದನ್ನು.

“ನಿಮ್ಮ ಜೀರಗಿ ಕುಂಯ್ ಅನ್ನಾಕತ್ತೈತಲ್ರಿ. ಬ್ಯಾಡಗಿ ಮಟಾ ಸುಮ್ಕಿರು ಅಂತ ಹೇಳ್ರಿ ಅದಕ್ಕ.”

ಮರಿಯ ಮೈಬಣ್ಣವೂ ಜೀರಿಗೆಯಂತೆಯೇ ಇದ್ದುದರಿಂದ ಹೆಸರು ಬಸ್ಸಿನಲ್ಲೇ ನಿಂತಿತು.

ಗುಡ್ಡವ್ವ ಹೊಸ್ತಿಲಲ್ಲೇ ಚೀಲದೊಳಗೆ ಇಣುಕಿ ನೋಡಿ, ಕಡೆಗೆ ಹೇಳಿದಳು, “ಇವತ್ತು ಸೋಮವಾರ. ಬರೋ ಸೋಮವಾರ ಮಟಾ ನೋಡ್ತೇನಿ. ಒಳಗ ಹೊಲಸು ಮಾಡೋದು ಬಿಟ್ರ ಇರ್ಲಿ. ಬಿಡಲಿಲ್ಲಂದ್ರ ಬಂದ ದಾರಿಲೇ ಹೋಗ್ಲಿ. ದೇವರಿರೋ ಮನಿ ಇದು.”

“ಆತ್ರಿ ಅತ್ತಿ,” ಎಂದಳು ನಿರ್ಮಲಾ. ಕಳಿಸುವುದಿಲ್ಲವೆಂದು ಆಗಲೇ ನಿರ್ಧರಿಸಿದ್ದಳು.

ಮೊದಲ ರಾತ್ರಿ ಮರಿಯನ್ನು ಅಡುಗೆಮನೆಯಲ್ಲಿ ಟೊಮೆಟೊ ಬುಟ್ಟಿಯೊಳಗೆ ಮಲಗಿಸಿದಳು. ದೀಪ ಆರಿಸಿದ್ದೇ ತಡ, ಅದು ಎದೆ ಒಡೆದುಕೊಳ್ಳುವಂತೆ ಅತ್ತಿತು. ಹೊಸ ಮನೆಯಲ್ಲಿ ಮೊದಲ ರಾತ್ರಿ ಹೇಗಿರುತ್ತದೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಬುಟ್ಟಿಯನ್ನು ತಂದು ತನ್ನ ಹಾಸಿಗೆಯ ಪಕ್ಕದಲ್ಲಿಟ್ಟು, ತಾನು ದಿನವಿಡೀ ಉಟ್ಟ ಸೀರೆಯನ್ನು ಅದರಲ್ಲಿ ಹಾಸಿ, ಒಂದು ಕೈಯನ್ನು ಒಳಗೆ ಇಳಿಬಿಟ್ಟು ಮಲಗಿದಳು. ಸಣ್ಣ ಮೂಗು ಅಂಗೈಯಲ್ಲಿ ಹುದುಗಿತು. ಹನ್ನೆರಡಕ್ಕೊಮ್ಮೆ, ಮೂರಕ್ಕೊಮ್ಮೆ, ಐದಕ್ಕೊಮ್ಮೆ ಎದ್ದು ಅದನ್ನು ಹಿತ್ತಲ ಬೇವಿನ ಗಿಡದ ಬುಡಕ್ಕೆ ಒಯ್ದು, ಮೂತ್ರ ಮಾಡುವವರೆಗೆ ಚಳಿಯಲ್ಲಿ ನಿಂತಳು.

ಗಂಡ ಕರಬಸಪ್ಪ, ಮೆಣಸಿನಕಾಯಿ ಅಂಗಡಿಯೊಂದರಲ್ಲಿ ತೂಕದ ಕೆಲಸದವನು, ಹೊದಿಕೆಯೊಳಗಿನಿಂದಲೇ ಅಂದ, “ಹುಡುಗೂರು ಸಣ್ಣಾವಿದ್ದಾಗೂ ನೀ ಇಷ್ಟು ಸಲ ಎದ್ದಿರ್ಲಿಲ್ಲ.”

“ಆಗ ನಿಮ್ಮವ್ವ ಏಳ್ತಿದ್ರು. ನೀವು ಆಗೂ ಹಿಂಗ ಮಲಗಿದ್ರಿ.”

ನಾಲ್ಕನೆಯ ರಾತ್ರಿಗೆ ಅಳು ನಿಂತಿತು. ರಾತ್ರಿ ಗೆದ್ದಳು, ಹಗಲು ಸೋತಳು. ಕತ್ತಲಲ್ಲಿ ಬೇವಿನ ಬುಡಕ್ಕೆ ಹೋಗುತ್ತಿದ್ದ ಮರಿ ಹಗಲಾದರೆ ನೆಟ್ಟಗೆ ಪಡಸಾಲೆಗೆ ಬಂದು ದೇವರ ಜಗಲಿಯ ಮುಂದಿನ ಮೂಲೆಯಲ್ಲೇ ಮೂತ್ರಕ್ಕೆ ಕೂರುತ್ತಿತ್ತು. ಗದರಿಸಿದರೂ ಅಲ್ಲೇ, ಎತ್ತಿ ಒಯ್ದರೂ ಮರಳಿ ಅಲ್ಲೇ. ಪ್ರತಿ ಸಲವೂ ನಿರ್ಮಲಾ ನೆಲ ಒರೆಸುತ್ತಿದ್ದಳು. ಆಮೇಲೆ ಗುಡ್ಡವ್ವ ಬಾಟ್ಲಿಯಿಂದ ಗೋಮೂತ್ರ ಚಿಮುಕಿಸಿ, “ಶಿವಾ ಶಿವಾ” ಎಂದು ಜಾಗ ಶುದ್ಧ ಮಾಡುತ್ತಿದ್ದಳು.

“ಊರಾಗ ಇಷ್ಟು ಜಾಗ ಬಿಟ್ಟು ದೇವರ ಮುಂದೇ ಬೇಕೇನ ಇದಕ್ಕ? ಇನ್ನ ಎರಡ ದಿನ ನೋಡು,” ಎಂದಳು ಶನಿವಾರ.

ಅಂದು ನಿರ್ಮಲಾ ಗದರಿಸುವುದನ್ನು ಬಿಟ್ಟು ನೋಡಲು ಕೂತಳು. ತೊಟ್ಟು ಬಿಡಿಸಲು ಸುರಿದಿದ್ದ ಮೆಣಸಿನಕಾಯಿ ರಾಶಿಯ ಆಚೆ ಹಸೀನಾಬಿ ಕೂತಿದ್ದಳು.

“ಕೈ ಕಾಯಿ ಮ್ಯಾಲ, ಕಣ್ಣು ನಾಯಿ ಮ್ಯಾಲ,” ಎಂದಳು ಹಸೀನಾಬಿ. “ತೊಟ್ಟು ಬುಟ್ಟಿಗೆ ಹಾಕಿ ಕಾಯಿ ಕಸಕ್ಕ ಒಗಿಯಾಕತ್ತೀದಿ, ನೋಡಿಕೋ.”

ಜೀರಗಿ ಘಾಟಿಗೆ ಎರಡು ಸಲ ಸೀನಿತು, ಹಿತ್ತಲ ಬಾಗಿಲತನಕ ಹೋಯಿತು, ನೆಲ ಮೂಸಿತು, ತಿರುಗಿತು. ಮೂಗನ್ನು ನೆಲಕ್ಕೆ ಹಚ್ಚಿ ಪಡಸಾಲೆ ದಾಟಿ, ಅತ್ತೆ ಬೆಳಿಗ್ಗೆ ಚಿಮುಕಿಸಿದ ಜಾಗಕ್ಕೇ ಬಂದು, ಅಲ್ಲಿ ದೀರ್ಘವಾಗಿ ಮೂಸಿ, ಸುತ್ತು ತಿರುಗತೊಡಗಿತು. ನಿರ್ಮಲಾ ಅದನ್ನು ಎತ್ತಿಕೊಂಡು ಹಿತ್ತಲಿಗೆ ಓಡಿದಳು. ಮನುಷ್ಯರ ಶುದ್ಧಿ ಅದರ ಮೂಗಿಗೆ ಬೇರೆಯೇ ಸುದ್ದಿ ಹೇಳುತ್ತಿತ್ತು. ಇಲ್ಲಿ ಮೊದಲೇ ಯಾರೋ ಮೂತ್ರ ಮಾಡಿದ್ದಾರೆ, ಇದೇ ಆ ಜಾಗ ಅಂತ. ದಿನಕ್ಕೆ ಮೂರು ಸಲ ಮನೆಯವರೇ ಅದಕ್ಕೆ ಹಾಗೆ ಕಲಿಸಿದ್ದರು.

ಅರ್ಥವಾದದ್ದು ಸುಲಭ, ಹೇಳುವುದು ಕಷ್ಟ. ಸಂಜೆ ದೇವರಿಗೆ ಕೈಮುಗಿದು, ಧೈರ್ಯ ಮಾಡಿ ಅತ್ತೆಯ ಎದುರು ಕೂತಳು.

“ಅತ್ತಿ, ಆ ಬಾಟ್ಲಿ ಸೋಮವಾರದ ಮಟಾ ನನ್ನ ಕಡೆ ಇರ್ಲಿರಿ.”

“ಯಾಕ?”

ನಿರ್ಮಲಾ ಕಂಡದ್ದನ್ನು ಕಂಡಂತೆ ಹೇಳಿದಳು. ಗುಡ್ಡವ್ವನ ಮುಖ ಬಿಗಿಯಿತು. “ನಮ್ಮತ್ತಿ ಕಾಲದಿಂದ ಮಾಡಿಕೋತ ಬಂದದ್ದು. ಅದು ತಪ್ಪು ಅಂತೀ ಏನು?”

“ತಪ್ಪಲ್ರಿ. ನಮಗ ಸರಿ ಐತಿ. ಅದಕ್ಕ ಬ್ಯಾರೆ ತಿಳೀತೈತಿ. ದೇವರ ಮುಂದ ವಿಭೂತಿ ನೀರು ಚಿಮುಕಿಸೋಣ್ರಿ.”

“ಎದುರು ಮಾತಾಡೋದು ನಾಯಿಮರಿ ಕಲಿಸಿತೇನ ನಿನಗ?”

“ಹೌದ್ರಿ,” ಎಂದಳು ನಿರ್ಮಲಾ, ಕಣ್ಣು ಕೆಳಗೆ ಹಾಕದೆ.

ಗುಡ್ಡವ್ವ ಬಾಟ್ಲಿಯನ್ನು ಅವಳ ಕಡೆ ಸರಿಸಿದಳು.

ನಿರ್ಮಲಾ ಆ ಮೂಲೆಗೆ ಸಗಣಿ ಕುಳ್ಳಿನ ಬೂದಿ ಹಾಕಿ ತಿಕ್ಕಿದಳು, ಬೇವಿನೆಲೆ ಕುದಿಸಿದ ನೀರಿನಿಂದ ತೊಳೆದಳು, ಒಣಗಿಸಿ ಮತ್ತೆ ತೊಳೆದಳು. ಗೋಮೂತ್ರವನ್ನು ಒಯ್ದು ಬೇವಿನ ಬುಡಕ್ಕೆ ಚಿಮುಕಿಸಿದಳು. ಭಾನುವಾರ ಗಂಟೆಗೊಮ್ಮೆ, ಉಂಡಾಗೊಮ್ಮೆ, ನಿದ್ದೆಯಿಂದ ಎದ್ದಾಗೊಮ್ಮೆ ಮರಿಯನ್ನು ಅಲ್ಲಿಗೆ ಕರೆದೊಯ್ದಳು. ಅಂದು ಪಡಸಾಲೆಯ ನೆಲ ಒಮ್ಮೆಯೂ ಒದ್ದೆಯಾಗಲಿಲ್ಲ. ಆದರೆ ಎಲ್ಲ ಸಲವೂ ಒಯ್ದವಳು ಅವಳೇ. ಅದು ತಾನಾಗಿ ಕಲಿತಿದೆಯೋ ಇಲ್ಲವೋ ಅವಳಿಗೂ ತಿಳಿಯಲಿಲ್ಲ.

ಏಳು ರಾತ್ರಿಗಳ ದಣಿವಿಗೆ ಸೋಮವಾರ ನಸುಕಿನಲ್ಲಿ ಅವಳಿಗೆ ಎಚ್ಚರವೇ ಆಗಲಿಲ್ಲ. ಕಣ್ಣು ಬಿಟ್ಟಾಗ ಬುಟ್ಟಿ ಖಾಲಿ. ತಲೆಯೆತ್ತಿ ನೋಡಿದರೆ ಜಗಲಿಯ ಮುಂದಿನ ನೆಲ ಒಣಗಿತ್ತು. ಹಿತ್ತಲ ಬಾಗಿಲ ಬಳಿ ಜೀರಗಿ ನಿಂತು ಕದ ಕೆರೆಯುತ್ತಿತ್ತು. ಸ್ನಾನ ಮಾಡಿ ಒದ್ದೆಗೂದಲಲ್ಲಿ ಪೂಜೆಗೆ ಹೊರಟಿದ್ದ ಗುಡ್ಡವ್ವ ಎರಡು ಹೆಜ್ಜೆ ದೂರದಲ್ಲಿ ನಿಂತು ಅದನ್ನೇ ನೋಡುತ್ತಿದ್ದಳು. ಪೂಜೆ ಮುಗಿಯುವತನಕ ಅವಳು ಮಾತಾಡುವುದಿಲ್ಲ, ನಾಯಿಯನ್ನಂತೂ ಮುಟ್ಟುವುದಿಲ್ಲ. ಸೀರೆಯ ನಿರಿಗೆ ಎತ್ತಿ ಹಿಡಿದು, ಕೈ ಚಾಚಿ ಚಿಲಕ ತೆಗೆದಳು. ಮರಿ ಬೇವಿನ ಬುಡಕ್ಕೆ ಓಡಿತು. ಅದು ಮುಗಿಸಿ ಬರುವವರೆಗೆ ಗುಡ್ಡವ್ವ ಬಾಗಿಲು ಹಿಡಿದೇ ನಿಂತಿದ್ದಳು.

ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಿರುವಾಗ, ಸೊಸೆಯ ಕಡೆ ನೋಡದೆ ಹೇಳಿದಳು, “ಮುಂಜಾನೆ ಲಗೂ ಏಳು. ದಿನಾ ನನಗ ಚಿಲಕ ತೆಗೀಲಿಕ್ಕೆ ಆಗೂದಿಲ್ಲ.”